ಸಮುದ್ರದಲ್ಲಿ ರಸ್ತೆ ಇಲ್ಲ: ಕೇಂದ್ರ ಹಣಕಾಸು ಸಚಿವರಿಗೆ ಮಲ್ಪೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರಿಗೆ,

ಮಲ್ಪೆಯಿಂದ ನಮಸ್ಕಾರಗಳು.

ನಾನು ಇಲ್ಲಿನ ಒಂದು ಆಳಸಮುದ್ರ ಬೋಟಿನ ಲೆಕ್ಕ ಬರೆಯುವವಳು. ಬೋಟು ನಮ್ಮ ಮನೆಯದೇ. ಅಣ್ಣ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಅಮ್ಮ ನಲವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಪ್ರತಿ ಟ್ರಿಪ್‌ಗೂ ನನ್ನ ಪುಸ್ತಕದಲ್ಲಿ ಒಂದು ಹೊಸ ಪುಟ. ಆ ಪುಟದ ಮೊದಲ ಸಾಲು ಯಾವಾಗಲೂ ಡೀಸೆಲ್. ಐಸ್, ರೇಷನ್, ಬಲೆ ರಿಪೇರಿ ಎಲ್ಲವೂ ಆಮೇಲೆ. ಆ ಒಂದು ಸಾಲಿನ ಬಗ್ಗೆ ನಿಮಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ನೀವು ರಾಜ್ಯಸಭೆಗೆ ಹೋಗಿದ್ದು ಕರ್ನಾಟಕದಿಂದ, 2016ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ. ಹಾಗಾಗಿ ಸಚಿವರು ಅಂತ ಮಾತ್ರ ಅಲ್ಲ, ನಮ್ಮ ರಾಜ್ಯದ ಸಂಸದರು ಅಂತಲೂ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಬೋಟು ಹತ್ತು ದಿನದ ಟ್ರಿಪ್‌ಗೆ ಸುಮಾರು 5,000 ಲೀಟರ್ ಡೀಸೆಲ್ ತುಂಬಿಸಿಕೊಂಡು ಹೊರಡುತ್ತದೆ. ಇದಕ್ಕಿಂತ ಜಾಸ್ತಿ ತುಂಬಿಸುವ ಬೋಟುಗಳೂ ಇವೆ. ಟ್ರಿಪ್‌ನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಇದಕ್ಕೇ.

2014ರ ಏಪ್ರಿಲ್‌ನಲ್ಲಿ ಒಂದು ಲೀಟರ್ ಡೀಸೆಲ್ ಮೇಲೆ ಕೇಂದ್ರದ ಅಬಕಾರಿ ಸುಂಕ 3 ರೂಪಾಯಿ 56 ಪೈಸೆ ಇತ್ತು. ಅಂದರೆ 5,000 ಲೀಟರಿಗೆ 17,800 ರೂಪಾಯಿ. 2021ರಲ್ಲಿ ಅದೇ ಸುಂಕ 31 ರೂಪಾಯಿ 80 ಪೈಸೆ ಆಗಿತ್ತು. 5,000 ಲೀಟರಿಗೆ 1,59,000 ರೂಪಾಯಿ. ಬೋಟು ಅದೇ, ಎಂಜಿನ್ ಅದೇ. ಸಮುದ್ರಕ್ಕೆ ಇಳಿಯುವ ಮೊದಲೇ ಒಂದೂವರೆ ಲಕ್ಷ ತೆರಿಗೆ ಕಟ್ಟಿ ಹೊರಡಬೇಕಿತ್ತು. ಮೀನು ಸಿಕ್ಕರೂ ಕಟ್ಟಬೇಕಿತ್ತು, ಸಿಗದಿದ್ದರೂ ಕಟ್ಟಬೇಕಿತ್ತು.

ಕಚ್ಚಾ ತೈಲದ ಬೆಲೆ ನಿಮ್ಮ ಕೈಯಲ್ಲಿಲ್ಲ, ಅದು ನಮಗೆ ಗೊತ್ತು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದಲೇ ಬರಬೇಕು. ಎಲ್ಲೋ ಯುದ್ಧವಾದರೆ ಇಲ್ಲಿ ದರ ಏರುತ್ತದೆ. ಅದನ್ನು ಸಮುದ್ರದ ಗಾಳಿಯ ಹಾಗೆ ಒಪ್ಪಿಕೊಂಡು ಬದುಕಿದ್ದೇವೆ. ನೋವಾಗಿದ್ದು ಬೆಲೆ ಇಳಿದಾಗ. 2020ರ ಏಪ್ರಿಲ್‌ನಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲ ಬ್ಯಾರೆಲ್‌ಗೆ ಸುಮಾರು 20 ಡಾಲರ್‌ಗೆ ಬಂದಿತ್ತು. ಅಷ್ಟು ಅಗ್ಗ ಆಗಿದ್ದನ್ನು ನಾವು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಮೇ ಮೊದಲ ವಾರದಲ್ಲೇ ಡೀಸೆಲ್ ಮೇಲಿನ ಸುಂಕ ಲೀಟರಿಗೆ 13 ರೂಪಾಯಿ ಏರಿತು. ಕೊರೊನಾ ಕಾಲ, ಸರ್ಕಾರಕ್ಕೂ ದುಡ್ಡು ಬೇಕಿತ್ತು, ಒಪ್ಪುತ್ತೇನೆ. ಆ ವರ್ಷ ಪೆಟ್ರೋಲ್, ಡೀಸೆಲ್ ಮುಂತಾದವುಗಳ ಅಬಕಾರಿ ಸುಂಕದಿಂದ ಕೇಂದ್ರಕ್ಕೆ ಬಂದಿದ್ದು ಸುಮಾರು 3.73 ಲಕ್ಷ ಕೋಟಿ ರೂಪಾಯಿ. ಹಿಂದಿನ ವರ್ಷ 2.23 ಲಕ್ಷ ಕೋಟಿ ಇತ್ತು. ಆದರೆ ಆ ದುಡ್ಡಿನಲ್ಲಿ ನಮ್ಮ ಬೋಟಿನದೂ ಇತ್ತು. ಅದೇ ವರ್ಷ ನಮ್ಮ ಕಲಾಸಿಗಳು, ಅಂದರೆ ಬೋಟಿನಲ್ಲಿ ಬಲೆ ಎಳೆಯುವ ಕೆಲಸಗಾರರು, ಕೈಯಲ್ಲಿ ಏನೂ ಇಲ್ಲದೆ ಒಡಿಶಾ, ಜಾರ್ಖಂಡ್‌ಗೆ ಹಿಂತಿರುಗಿದ್ದರು.

2021ರ ಅಕ್ಟೋಬರ್ ಹೊತ್ತಿಗೆ ಇಲ್ಲಿ ಡೀಸೆಲ್ ನೂರು ರೂಪಾಯಿ ದಾಟಿತು. ನವೆಂಬರ್‌ನಲ್ಲಿ ನೀವು 10 ರೂಪಾಯಿ ಸುಂಕ ಇಳಿಸಿದಿರಿ, 2022ರ ಮೇ ತಿಂಗಳಲ್ಲಿ ಮತ್ತೆ 6 ರೂಪಾಯಿ. ಆ ಎರಡು ಸಲವೂ ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಜನ ಸಮಾಧಾನದ ಉಸಿರು ಬಿಟ್ಟಿದ್ದನ್ನು ನೋಡಿದ್ದೇನೆ. ಅದಕ್ಕೆ ಮನಸಾರೆ ಧನ್ಯವಾದ. ಅಷ್ಟು ಇಳಿದ ಮೇಲೂ ಸುಂಕ 15 ರೂಪಾಯಿ 80 ಪೈಸೆಯಲ್ಲಿ ನಿಂತಿತು. 2014ರ ನಾಲ್ಕು ಪಟ್ಟಿಗಿಂತ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಮತ್ತೆ ಇಳಿಯಿತು. ಆಗಲೂ ಬಂಕ್‌ನಲ್ಲಿ ದರ ಇಳಿಯಲಿಲ್ಲ, ಸುಂಕ 2 ರೂಪಾಯಿ ಏರಿತು.

ನಾನು ಮುಖ್ಯವಾಗಿ ಹೇಳಬೇಕಾದ್ದು 2021ರ ಆ 31 ರೂಪಾಯಿ 80 ಪೈಸೆಯ ಒಳಗೆ ಇದೆ. ಅದರಲ್ಲಿ ಮೂಲ ಅಬಕಾರಿ ಸುಂಕ ಬರೀ 1 ರೂಪಾಯಿ 80 ಪೈಸೆ. ವಿಶೇಷ ಹೆಚ್ಚುವರಿ ಸುಂಕ 8 ರೂಪಾಯಿ. ಕೃಷಿ ಮೂಲಸೌಕರ್ಯದ ಸೆಸ್, ಅಂದರೆ ಆ ಉದ್ದೇಶಕ್ಕೆ ಅಂತಲೇ ಹಾಕುವ ತೆರಿಗೆ, 4 ರೂಪಾಯಿ. ಉಳಿದ 18 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್.

ರಸ್ತೆ ಸೆಸ್. ಇದು ನನಗೆ ಗೊತ್ತಾದ ದಿನ ರಾತ್ರಿ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾವು ಯಾವ ರಸ್ತೆಯಲ್ಲಿ ಹೋಗ್ತೇವೆ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. 5,000 ಲೀಟರಿಗೆ 18 ರೂಪಾಯಿಯಂತೆ 90,000 ರೂಪಾಯಿ. ಆಗ ಒಂದೊಂದು ಟ್ರಿಪ್‌ಗೂ ಅಷ್ಟು. ದಡ ಬಿಟ್ಟ ಮೇಲೆ ಹತ್ತು ದಿನ ನೀರು ಬಿಟ್ಟು ಬೇರೇನೂ ಕಾಣದ ಒಂದು ಬೋಟು ರಸ್ತೆಗೆ ಅಂತ ಕಟ್ಟಿದ ದುಡ್ಡು ಅದು.

ಡೀಸೆಲ್ ಮೇಲೆ ರಸ್ತೆ ಸೆಸ್ ಶುರುವಾಗಿದ್ದು 1999ರಲ್ಲಿ, ಲೀಟರಿಗೆ 1 ರೂಪಾಯಿ. ಲಾರಿ, ಬಸ್ಸು, ಕಾರು ರಸ್ತೆ ಬಳಸುತ್ತವೆ, ಹಾಗಾಗಿ ರಸ್ತೆಯ ಖರ್ಚು ಅವೇ ಕೊಡಲಿ ಎನ್ನುವುದು ಅದರ ಹಿಂದಿದ್ದ ಯೋಚನೆ. ನ್ಯಾಯವಾದ ಯೋಚನೆಯೇ. 2018ರಲ್ಲಿ ಅದಕ್ಕೆ ಮೂಲಸೌಕರ್ಯ ಅನ್ನುವ ಹೆಸರೂ ಸೇರಿತು. ಈಗ ಆ ನಿಧಿಯಿಂದ ರೈಲು, ಬಂದರು ಎಲ್ಲಕ್ಕೂ ಕೊಡಬಹುದು ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಸರಿ. ಆದರೆ ರಸ್ತೆ ಬಳಸುವವರಿಂದ ವಸೂಲಿ ಮಾಡುವುದಕ್ಕೆ ಹುಟ್ಟಿದ ಸೆಸ್ಸನ್ನು ರಸ್ತೆಯನ್ನೇ ಬಳಸದವರಿಂದಲೂ ವಸೂಲಿ ಮಾಡುವುದು ಯಾವ ಲೆಕ್ಕ?

ಇನ್ನೊಂದು ಸಂಗತಿ ನನಗೆ ತಡವಾಗಿ ಅರ್ಥವಾಯಿತು. ಸೆಸ್ ಮತ್ತು ವಿಶೇಷ ಸುಂಕದ ಹಣ ರಾಜ್ಯಗಳಿಗೆ ಹಂಚಿಕೆ ಆಗುವುದಿಲ್ಲ. ಹಂಚುವುದು ಮೂಲ ಸುಂಕದ 1 ರೂಪಾಯಿ 80 ಪೈಸೆಯನ್ನು ಮಾತ್ರ. ಅದರಲ್ಲಿ ಎಲ್ಲ ರಾಜ್ಯಗಳ ಪಾಲು ನೂರಕ್ಕೆ 41. ಅದರಲ್ಲಿ ಕರ್ನಾಟಕಕ್ಕೆ 15ನೇ ಹಣಕಾಸು ಆಯೋಗ ಕೊಟ್ಟಿದ್ದು ನೂರಕ್ಕೆ 3.647. ಗುಣಿಸಿ ನೋಡಿದೆ. ಮೂರು ಪೈಸೆಯೂ ಆಗುವುದಿಲ್ಲ. ತಪ್ಪಾಯಿತೇನೋ ಅಂತ ಮತ್ತೆ ಮಾಡಿದೆ. ಅಷ್ಟೇ ಬಂತು. ಮಲ್ಪೆಯ ಬಂದರಿನಲ್ಲಿ ಲೀಟರಿಗೆ ಸುಮಾರು 32 ರೂಪಾಯಿ ಕೊಟ್ಟರೆ, ತೆರಿಗೆ ಪಾಲು ಅಂತ ನಮ್ಮ ರಾಜ್ಯಕ್ಕೆ ವಾಪಸ್ ಬಂದಿದ್ದು ಮೂರು ಪೈಸೆಗಿಂತ ಕಡಿಮೆ. ಹೆದ್ದಾರಿಯ ರೂಪದಲ್ಲೋ ಬೇರೆ ಯೋಜನೆಯ ರೂಪದಲ್ಲೋ ಒಂದಿಷ್ಟು ಬಂದಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ದಕ್ಕೆಯಲ್ಲಿ ನಿಂತು ನೋಡಿದರೆ ಅದು ಕಾಣುವುದಿಲ್ಲ.

ರಾಜ್ಯ ಸರ್ಕಾರ ತನ್ನ ಪಾಲಿನದನ್ನು ಬಿಟ್ಟುಕೊಟ್ಟಿದೆ. ಮೀನುಗಾರಿಕೆ ಬೋಟುಗಳಿಗೆ ರಾಜ್ಯದ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಸಿಗುತ್ತದೆ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು ವರ್ಷಕ್ಕೆ 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಿದರು. ಅದಿಲ್ಲದಿದ್ದರೆ ಇಲ್ಲಿನ ಅರ್ಧ ಬೋಟುಗಳು ದಡದಲ್ಲೇ ಇರುತ್ತಿದ್ದವು. ಆದರೆ ರಾಜ್ಯಕ್ಕೂ ಒಂದು ಮಾತು ಹೇಳಬೇಕು. ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 14.34ರಿಂದ 18.44 ಪರ್ಸೆಂಟ್‌ಗೆ ಹೋಯಿತು, 2025ರ ಏಪ್ರಿಲ್‌ನಲ್ಲಿ 21.17ಕ್ಕೆ. ಬೋಟಿಗೆ ಇದು ತಟ್ಟದಿರಬಹುದು. ಐಸ್ ತರುವ ಟೆಂಪೊಗೆ, ಮೀನು ಕೊಂಡೊಯ್ಯುವ ಲಾರಿಗೆ, ಅಮ್ಮನಂಥವರು ಹಂಚಿಕೊಂಡು ಬಾಡಿಗೆ ಕೊಡುವ ರಿಕ್ಷಾಗೆ ತಟ್ಟುತ್ತದೆ. ಬೋಟು ಉಳಿದರೆ ಮಾತ್ರ ಸಾಲದು, ಮೀನು ಊರು ಮುಟ್ಟಬೇಕಲ್ವಾ?

ಮೀನುಗಾರಿಕೆ ಬೇರೆ ಉದ್ಯೋಗದ ಹಾಗಲ್ಲ. ಡೀಸೆಲ್ ಏರಿದರೆ ಬಸ್ಸಿನವರು ಟಿಕೆಟ್ ಏರಿಸುತ್ತಾರೆ. ಲಾರಿಯವರು ಬಾಡಿಗೆ ಏರಿಸುತ್ತಾರೆ. ನಾವು ಏರಿಸುವುದು ಏನನ್ನು? ಮೀನಿನ ದರ ನಾವು ಇಡುವುದಲ್ಲ. ಬೆಳಗಿನ ಜಾವ ದಕ್ಕೆಯಲ್ಲಿ ಏಲಂ ಆಗುತ್ತದೆ. ಆವತ್ತು ಎಷ್ಟು ಬೋಟು ಬಂತು, ಬಂಗುಡೆ ಎಷ್ಟು ಬಿತ್ತು, ಕೇರಳದ ಲಾರಿ ಎಷ್ಟು ನಿಂತಿದೆ, ಅದರ ಮೇಲೆ ದರ. ನಾಲ್ಕು ಬೋಟಿಗೆ ಬೂತಾಯಿ ಒಟ್ಟಿಗೆ ಬಿದ್ದರೆ ದರ ಅರ್ಧಕ್ಕೆ ಇಳಿಯುತ್ತದೆ. "ನಾವು ಡೀಸೆಲ್‌ಗೆ ಇಷ್ಟು ಕೊಟ್ಟಿದ್ದೇವೆ" ಎಂದು ಏಲಂ ಕೂಗುವವನಿಗೆ ಹೇಳಿ ಏನು ಪ್ರಯೋಜನ?

ಡೀಸೆಲ್ ದರ ಇಲ್ಲಿ ನೇರವಾಗಿ ಕೂಲಿಯನ್ನು ಮುಟ್ಟುತ್ತದೆ. ನಮ್ಮ ಬೋಟಿನಲ್ಲಿ ತಿಂಗಳ ಸಂಬಳ ಇಲ್ಲ. ಡೀಸೆಲ್, ಐಸ್, ರೇಷನ್ ಕಳೆದು ಉಳಿದದ್ದರಲ್ಲಿ ಪಾಲು. ಡೀಸೆಲ್ ಏರಿದರೆ ಕಲಾಸಿಯ ಪಾಲು ಇಳಿಯುತ್ತದೆ. 2021ರ ಪುಟಗಳನ್ನು ಮೊನ್ನೆ ಮತ್ತೆ ತೆಗೆದು ನೋಡಿದೆ. ಮೂರು ಟ್ರಿಪ್‌ಗಳಲ್ಲಿ ಪಾಲಿನ ಜಾಗದಲ್ಲಿ ಏನೂ ಬರೆದಿಲ್ಲ. ಹತ್ತು ದಿನ ನಿದ್ದೆಗೆಟ್ಟು ಬಲೆ ಎಳೆದ ಏಳು ಜನರಿಗೆ ಆವತ್ತು ಅಣ್ಣ ಸಾಲ ಮಾಡಿ ಒಂದಿಷ್ಟು ಕೈಗಿಟ್ಟ. ಆ ಸಾಲ ಇನ್ನೂ ಪೂರ್ತಿ ತೀರಿಲ್ಲ.

ಬೋಟು ಹೊರಡದಿದ್ದರೆ ಆಗುವುದು ಇನ್ನೊಂದು ಬಗೆ. ಟ್ರಿಪ್‌ಗೆ ಹೋದರೆ ನಷ್ಟ ಅಂತ ಗೊತ್ತಾದಾಗ ಬೋಟುಗಳು ಸಾಲಾಗಿ ಲಂಗರು ಹಾಕುತ್ತವೆ. ಐಸ್ ಪ್ಲಾಂಟಿನಲ್ಲಿ ಕೆಲಸ ಇರುವುದಿಲ್ಲ. ಬಲೆ ನೇಯುವವರು, ಮೀನು ಹೊರುವವರು, ಬುಟ್ಟಿ ತುಂಬುವ ಹೆಂಗಸರು, ಚಹಾದ ಅಂಗಡಿ, ಗ್ರೀಸ್ ಆಯಿಲ್ ಅಂಗಡಿ, ಎಲ್ಲ ಕಡೆ ಸದ್ದು ಕಡಿಮೆಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಸೊಸೈಟಿಯಲ್ಲಿ ಚಿನ್ನ ಅಡವಿಡಲು ಸಾಲು ನಿಲ್ಲುತ್ತದೆ. ಮಂಗಳೂರು, ಗಂಗೊಳ್ಳಿ, ಭಟ್ಕಳ, ತದಡಿ, ಕಾರವಾರ, ಎಲ್ಲ ಬಂದರಿನದೂ ಇದೇ ಕತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಹೇಗೂ ಮೀನುಗಾರಿಕೆಗೆ ರಜೆ. ಉಳಿದ ಹತ್ತು ತಿಂಗಳಲ್ಲೂ ಡೀಸೆಲ್ ದೆಸೆಯಿಂದ ಬೋಟು ಕಟ್ಟಿಹಾಕಿದರೆ ವರ್ಷದ ದುಡಿಮೆಯಲ್ಲಿ ಏನು ಉಳಿಯಿತು?

ನಾಡದೋಣಿಯವರ, ಅಂದರೆ ಸಣ್ಣ ದೋಣಿಯ ಸಾಂಪ್ರದಾಯಿಕ ಮೀನುಗಾರರ, ಸಂಕಟ ಇದಕ್ಕಿಂತ ದೊಡ್ಡದು. ನಮ್ಮ ಮಾವ ಗಂಗೊಳ್ಳಿ ಕಡೆ ನಾಡದೋಣಿಯಲ್ಲಿ ಹೋಗುವವರು. ಅವರ ಔಟ್‌ಬೋರ್ಡ್ ಎಂಜಿನ್ ಓಡುವುದು ಸೀಮೆಎಣ್ಣೆಯಲ್ಲಿ. ಸ್ಟಾರ್ಟ್ ಮಾಡಲು ಮಾತ್ರ ಸ್ವಲ್ಪ ಪೆಟ್ರೋಲ್. ದೊಡ್ಡ ಬೋಟುಗಳಿಗೆ ರಜೆ ಇರುವ ಮಳೆಗಾಲವೇ ಅವರ ದುಡಿಮೆಯ ಕಾಲ. ದೇಶದಲ್ಲಿ ಅಡುಗೆಗೆ ಗ್ಯಾಸ್ ಬಂತು, 2016ರಲ್ಲಿ ಉಜ್ವಲಾ ಶುರುವಾಯಿತು. ಹೆಂಗಸರ ಕಣ್ಣಿಗೆ ಹೊಗೆ ತಪ್ಪಿತು, ತುಂಬಾ ಒಳ್ಳೆಯ ಕೆಲಸ. ಅದೇ ವರ್ಷದಿಂದ ಪಡಿತರ ಸೀಮೆಎಣ್ಣೆಯ ದರವನ್ನು ಪೈಸೆ ಪೈಸೆಯಾಗಿ ಏರಿಸುತ್ತಾ ಬಂದು, ಸಬ್ಸಿಡಿಯನ್ನು ಪೂರ್ತಿ ತೆಗೆದರು. ರಾಜ್ಯಗಳಿಗೆ ಕೊಡುವ ಪ್ರಮಾಣವೂ ಇಳಿಯಿತು. ಒಲೆ ಉರಿಸುವ ಮನೆಯನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಅದೇ ಸೀಮೆಎಣ್ಣೆಯಲ್ಲಿ ಒಂದು ದೋಣಿ ಓಡುತ್ತದೆ, ಆ ದೋಣಿಯಲ್ಲಿ ಐದಾರು ಮನೆಯ ಅನ್ನ ಇದೆ ಅನ್ನುವುದು ಆ ಲೆಕ್ಕದಲ್ಲಿ ಬರಲಿಲ್ಲ. ಒಂದು ವರ್ಷ ಜೂನ್‌ನಲ್ಲಿ ಬರಬೇಕಿದ್ದ ಸೀಮೆಎಣ್ಣೆಗಾಗಿ ಮಾವ ಆಗಸ್ಟ್‌ವರೆಗೂ ಅಲೆದರು. ಬಂಗುಡೆ ದಡಕ್ಕೆ ಬಂದು ಹೋಗಿತ್ತು.

ಪೆಟ್ರೋಲ್ ಎಂಜಿನ್‌ಗೆ ಬದಲಾಯಿಸಿಕೊಳ್ಳಿ ಎನ್ನುತ್ತಾರೆ. ರಾಜ್ಯ ಸರ್ಕಾರ ಎಂಜಿನ್‌ಗೆ 50,000 ರೂಪಾಯಿ ಸಹಾಯಧನವನ್ನೂ ಹೇಳಿದೆ. ಒಳ್ಳೆಯದೇ. ಆದರೆ ಪೆಟ್ರೋಲ್ ಮೇಲೆ ಡೀಸೆಲ್‌ಗಿಂತ ಜಾಸ್ತಿ ಸುಂಕ ಇದೆ. ದೋಣಿಗೆ ಹಾಕುವ ಪೆಟ್ರೋಲ್ ಬೇರೆ, ಕಾರಿಗೆ ಹಾಕುವ ಪೆಟ್ರೋಲ್ ಬೇರೆ ಅಂತ ನೋಡುವ ವ್ಯವಸ್ಥೆ ಮೊದಲು ಆಗಬೇಕು.

ನಮ್ಮ ಕರಾವಳಿ ದೇಶದ ಇಂಧನಕ್ಕೆ ಏನೂ ಕೊಟ್ಟಿಲ್ಲ ಎಂದು ಯಾರೂ ಹೇಳುವಂತಿಲ್ಲ. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾ ತೈಲ ಶುದ್ಧೀಕರಿಸುವ ಎಂಆರ್‌ಪಿಎಲ್ ಮಂಗಳೂರಿನಲ್ಲಿದೆ. ಹಡಗಿನಿಂದ ತೈಲ ಇಳಿಸುವ ತೇಲು ನಿಲ್ದಾಣ ಇರುವುದು ನಾವು ಬಲೆ ಬೀಸುವ ಇದೇ ಸಮುದ್ರದಲ್ಲಿ. ಎಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲಿನಲ್ಲಿ ನಡೆಯುವ 1,200 ಮೆಗಾವ್ಯಾಟ್ ವಿದ್ಯುತ್ ಸ್ಥಾವರ. ಉತ್ತರಕ್ಕೆ ಕೈಗಾ ಅಣುಸ್ಥಾವರ. ದೇಶದ ತುರ್ತು ಕಾಲಕ್ಕೆ ಅಂತ ನೆಲದೊಳಗೆ ಕಚ್ಚಾ ತೈಲ ಕೂಡಿಟ್ಟಿರುವ ಮೂರು ಜಾಗಗಳಲ್ಲಿ ಎರಡು ನಮ್ಮಲ್ಲೇ. ಮಂಗಳೂರಿನಲ್ಲಿ 15 ಲಕ್ಷ ಟನ್, ನಮ್ಮ ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಮೂರನೆಯದು ವಿಶಾಖಪಟ್ಟಣ.

ಪಾದೂರು ಮಲ್ಪೆಯಿಂದ ದೂರ ಇಲ್ಲ. ಅಲ್ಲಿಗೆ ಪೈಪ್‌ಲೈನ್ ಹಾಕುವಾಗ ಗದ್ದೆ, ತೋಟ ಕೊಟ್ಟ ಮನೆಗಳಿವೆ. ಬಂಡೆ ಸಿಡಿಸುವ ಸದ್ದಿನಲ್ಲಿ ವರ್ಷಗಟ್ಟಲೆ ಬದುಕಿದ ಜನ ಇದ್ದಾರೆ. 2020ರಲ್ಲಿ ತೈಲ ಅಗ್ಗವಾದಾಗ ಸರ್ಕಾರ ಈ ಗುಹೆಗಳನ್ನು ತುಂಬಿಸಿತು. ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ಗೆ ಕೊಂಡೆವು, ಸುಮಾರು 5,000 ಕೋಟಿ ರೂಪಾಯಿ ಉಳಿಯಿತು ಎಂದು ಸರ್ಕಾರವೇ ಹೇಳಿತು. ಜಾಣತನದ ಕೆಲಸ. ನನಗೆ ಹೆಮ್ಮೆಯೂ ಆಯಿತು. ಆದರೆ ಅದೇ ತಿಂಗಳುಗಳಲ್ಲಿ ಡೀಸೆಲ್‌ಗೆ ಲೀಟರಿಗೆ 13 ರೂಪಾಯಿ ಜಾಸ್ತಿ ಕೊಟ್ಟವರು ನಾವು. ನಮ್ಮೂರಿನ ಕಲ್ಲಿನ ಕೆಳಗೆ ಅಗ್ಗದ ತೈಲ ಇಳಿಯುತ್ತಿತ್ತು, ನಮ್ಮ ಬೋಟು ತುಂಬಿಸಲು ಅಮ್ಮನ ಬಳೆ ಬ್ಯಾಂಕಿಗೆ ಹೋಯಿತು. ಎರಡೂ ಒಂದೇ ಬೇಸಿಗೆಯಲ್ಲಿ ಆಗಿದ್ದು. ಅದನ್ನು ಮರೆಯಲು ನನಗೆ ಆಗಿಲ್ಲ.

ಹಾಗಾದರೆ ನಾವು ಕೇಳುವುದು ಏನು? ದೊಡ್ಡದೇನೂ ಅಲ್ಲ. ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿಯಾದ ಬೋಟುಗಳ ಡೀಸೆಲ್ ಮೇಲೆ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಇರಬಾರದು. ದರ ಎಷ್ಟೇ ಇರಲಿ, ಇರಬಾರದು. 2022ರ ಮೇ ತಿಂಗಳಲ್ಲಿ ಆ ಸೆಸ್ 2 ರೂಪಾಯಿಗೆ ಇಳಿಯಿತು. ಆ ದರದಲ್ಲಿ ಲೆಕ್ಕ ಹಾಕಿ. ಕರ್ನಾಟಕದ ಬೋಟುಗಳಿಗೆ ರಾಜ್ಯ ತೆರಿಗೆ ಬಿಟ್ಟಿರುವ ಡೀಸೆಲ್ 2 ಲಕ್ಷ ಕಿಲೋಲೀಟರ್, ಅಂದರೆ 20 ಕೋಟಿ ಲೀಟರ್. ಅಷ್ಟಕ್ಕೂ ಸೆಸ್ ಬಿಟ್ಟರೆ ಕೇಂದ್ರಕ್ಕೆ ಕಡಿಮೆಯಾಗುವುದು ವರ್ಷಕ್ಕೆ 40 ಕೋಟಿ ರೂಪಾಯಿ. 2021ರ 18 ರೂಪಾಯಿ ದರದಲ್ಲಾದರೆ ಇದೇ 360 ಕೋಟಿ ಆಗುತ್ತಿತ್ತು. ನಮ್ಮ ಭಯ ಇರುವುದು ಈ ಎರಡು ಸಂಖ್ಯೆಗಳ ನಡುವೆ. ಇವತ್ತು 2 ಇದ್ದದ್ದು ಒಂದು ರಾತ್ರಿಯಲ್ಲಿ ಮತ್ತೆ 18 ಆಗಬಹುದು. ಬೋಟು ಸಮುದ್ರದಲ್ಲಿದ್ದಾಗಲೇ ಆಗಬಹುದು. ಅದಕ್ಕೇ ರಿಯಾಯಿತಿ ಬೇಡ, ನಿಯಮ ಬೇಕು ಅಂತ ಕೇಳುತ್ತಿದ್ದೇವೆ.

ಇದು ಹೊಸ ಬೇಡಿಕೆಯೂ ಅಲ್ಲ. ಸಣ್ಣ ಯಾಂತ್ರೀಕೃತ ಬೋಟುಗಳ ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಮೀನುಗಾರರಿಗೆ ಹಿಂತಿರುಗಿಸುವ ಯೋಜನೆಯನ್ನು ಹಿಂದೆ ಕೇಂದ್ರ ಸರ್ಕಾರವೇ ನಡೆಸಿತ್ತು. ದಾರಿ ನಿಮ್ಮ ಕಡತಗಳಲ್ಲೇ ಇದೆ.

ಬಂಕ್‌ನ ವಿಚಾರವೂ ಇದಕ್ಕೆ ಸೇರಿದ್ದು. 2013ರ ಜನವರಿಯಲ್ಲಿ ಸಗಟು ಗ್ರಾಹಕರಿಗೆ ಡೀಸೆಲ್ ದರ ಬೇರೆ ಎಂದು ಮಾಡಿದಾಗ, ಮೀನುಗಾರರ ಸೊಸೈಟಿ ಬಂಕ್‌ಗಳೂ ಆ ಪಟ್ಟಿಗೆ ಸೇರಿಹೋದವು. 2022ರ ಮಾರ್ಚ್‌ನಲ್ಲಿ ಸಗಟು ದರ ಚಿಲ್ಲರೆ ದರಕ್ಕಿಂತ ಲೀಟರಿಗೆ 25 ರೂಪಾಯಿಯಷ್ಟು ಮೇಲಿತ್ತು. ಬೋಟಿನ ಬಂಕ್ ಅಂದರೆ ದೊಡ್ಡ ಕಾರ್ಖಾನೆ ಅಲ್ಲ. ನಮ್ಮಂಥ ನೂರಾರು ಮನೆಗಳು ಒಂದೇ ಪೈಪಿನಿಂದ ತುಂಬಿಸಿಕೊಳ್ಳುವ ಜಾಗ. ಆ ಬಂಕ್‌ಗಳಿಗೆ ಯಾವಾಗಲೂ ಚಿಲ್ಲರೆ ದರವೇ ಇರಲಿ.

ಒಂದು ಆಕ್ಷೇಪಕ್ಕೆ ನಾನೇ ಉತ್ತರ ಕೊಡಬೇಕು. ಡೀಸೆಲ್ ಅಗ್ಗವಾದರೆ ಸಮುದ್ರ ಬರಿದಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲೂ ಮೀನುಗಾರಿಕೆ ಸಬ್ಸಿಡಿ ಬಗ್ಗೆ ಇದೇ ಚರ್ಚೆ. ಇದನ್ನು ತಳ್ಳಿಹಾಕುವುದಿಲ್ಲ. ಮೀನು ಕಡಿಮೆಯಾಗಿದೆ. ಅಣ್ಣ ಹತ್ತು ವರ್ಷದ ಹಿಂದೆ ಹೋಗುತ್ತಿದ್ದುದಕ್ಕಿಂತ ಈಗ ತುಂಬಾ ದೂರ ಹೋಗುತ್ತಾನೆ. ಆದರೆ ಡೀಸೆಲ್ ದುಬಾರಿ ಆದಾಗ ಸಮುದ್ರ ಉಳಿದದ್ದನ್ನು ನಾನು ಕಂಡಿಲ್ಲ. ಕಂಡದ್ದು ಬೇರೆಯೇ. ಖರ್ಚು ಹುಟ್ಟಿಸಲೇಬೇಕು ಅಂತ ಬಲೆಯ ಕಣ್ಣು ಸಣ್ಣದಾಗುತ್ತದೆ. ಬೆರಳುದ್ದದ ಮರಿಮೀನನ್ನೂ ಬಾಚಿ ತಂದು ಮೀನಿನ ಹಿಟ್ಟು ಮಾಡುವ ಫಿಶ್‌ಮಿಲ್‌ಗೆ ಹಾಕುತ್ತಾರೆ. ಬೆಳೆದಿದ್ದರೆ ಮುಂದಿನ ವರ್ಷ ಅಂಜಲ್ ಆಗಬೇಕಿದ್ದದ್ದು, ರಾಣಿಮೀನು ಆಗಬೇಕಿದ್ದದ್ದು ಕೋಳಿ ಆಹಾರಕ್ಕೆ ಹೋಗುತ್ತದೆ. ಆ ರಾಶಿ ನೋಡುವಾಗ ಅಮ್ಮ ಮುಖ ತಿರುಗಿಸುತ್ತಾರೆ. ಹಾಗಾಗಿ ಷರತ್ತು ಹಾಕಿ. ಸರಿಯಾದ ಕಣ್ಣಿನ ಬಲೆ ಇರುವ, ರಜೆಯ 61 ದಿನವನ್ನು ಪಾಲಿಸಿದ, ರಾತ್ರಿ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಮಾಡದ ಬೋಟುಗಳಿಗೆ ಮಾತ್ರ ಸೆಸ್ ಬಿಡಿ. ನಮ್ಮ ಪೈಕಿ ಕೆಲವರಿಗೆ ಈ ಮಾತಿಗೆ ನನ್ನ ಮೇಲೆ ಕೋಪ ಬರಬಹುದು. ಬರಲಿ. ಅಣ್ಣನ ಮಗನೂ ಇದೇ ಕಸಬಿಗೆ ಬರುತ್ತೇನೆ ಅನ್ನುತ್ತಿದ್ದಾನೆ, ಅವನಿಗೂ ಮೀನು ಬೇಕು.

2019ರಲ್ಲಿ ಮೀನುಗಾರಿಕೆ, ಪಶುಸಂಗೋಪನೆ, ಹೈನುಗಾರಿಕೆಗೆ ಅಂತ ಪ್ರತ್ಯೇಕ ಸಚಿವಾಲಯ ಮಾಡಿದಿರಿ. 2020ರಲ್ಲಿ 20,050 ಕೋಟಿ ರೂಪಾಯಿಯ ಮತ್ಸ್ಯ ಸಂಪದ ಯೋಜನೆ ತಂದಿರಿ. ಜೆಟ್ಟಿ, ಕೋಲ್ಡ್ ಸ್ಟೋರೇಜ್, ಐಸ್ ಬಾಕ್ಸ್, ಎಲ್ಲ ಬೇಕು, ಬರಲಿ. ಆದರೆ ಒಂದು ಕೈಯಲ್ಲಿ ಐಸ್ ಬಾಕ್ಸ್ ಕೊಟ್ಟು ಇನ್ನೊಂದು ಕೈಯಲ್ಲಿ ಟ್ರಿಪ್ ಟ್ರಿಪ್‌ಗೂ ಸೆಸ್ ತೆಗೆದುಕೊಂಡರೆ ಆ ಬಾಕ್ಸಿಗೆ ಮೀನು ತರುವವರು ಯಾರು?

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಅದಕ್ಕೆ ಮೊದಲು, ಜುಲೈ ಕೊನೆಯ ವಾರದಲ್ಲಿ, ನಿಮ್ಮ ಇಲಾಖೆಯ ಒಬ್ಬ ಅಧಿಕಾರಿಯನ್ನು ಮಲ್ಪೆಗೆ ಕಳಿಸಿ. ಆ ವಾರ ಎಲ್ಲರೂ ದಕ್ಕೆಯಲ್ಲೇ ಇರುತ್ತಾರೆ. ಬಲೆ ಜೋಡಿಸುತ್ತಾ, ಎಂಜಿನ್ ನೋಡುತ್ತಾ, ಡೀಸೆಲ್‌ಗೆ ದುಡ್ಡು ಹೊಂದಿಸುತ್ತಾ. 2014ರಿಂದ ಈಚಿನ ನನ್ನ ಲೆಕ್ಕದ ಪುಸ್ತಕಗಳೆಲ್ಲ ಮನೆಯಲ್ಲಿವೆ. ಎರಡಕ್ಕೆ ಮಳೆನೀರು ತಾಗಿದೆ, ಆದರೆ ಡೀಸೆಲ್ ಸಾಲು ಓದಲು ಬರುತ್ತದೆ. ಎಲ್ಲವನ್ನೂ ಅವರ ಮುಂದೆ ಇಡುತ್ತೇನೆ.

ಇಂತಿ,
ಮಲ್ಪೆಯ ಒಂದು ಬೋಟಿನ ಲೆಕ್ಕ ಬರೆಯುವವಳು